ಸೇಂಟ್ ಕ್ಲೋಡಿನ ಅಶರೀರವಾಣಿ

ಒಡೀಲಳ ಪಟ್ಟಾಭಿಷೇಕ ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ ನೆರವೇರಿತು. ಸಿಂಹಾಸನಕ್ಕೆ ಐದು ಚಕ್ರಗಳಿದ್ದವು, ಅದರಲ್ಲೊಂದು ತಿರುಗುತ್ತಿರಲಿಲ್ಲ. ಕಿರೀಟವೆಂದರೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಹಿಂದೆ ಆಳಿಹೋದ ಯಾರದೋ ಹೇರ್‌ಸ್ಪ್ರೇಯ ವಾಸನೆ ಅದರ ಸ್ಪಂಜಿನಲ್ಲಿ ಇನ್ನೂ ಉಳಿದುಕೊಂಡಿತ್ತು. ಪುರೋಹಿತರ ಸ್ಥಾನದಲ್ಲಿ ಸಾರ್ಜೆಂಟ್ ವಿಟ್‌ಕಾಂಬ್ ಇದ್ದರು. ದಕ್ಷಿಣದ ಕಡಲತೀರದಿಂದ ವರ್ಗವಾಗಿ ಬಂದು, ಈ ಚಳಿಯನ್ನು ಯಾರೋ ತಮ್ಮ ಮೇಲಿನ ಹಗೆಗೇ ಮಾಡಿಟ್ಟಿದ್ದಾರೆಂದು ನಂಬಿದ್ದ ಮನುಷ್ಯ.

"ಇದನ್ನ ಹಾಕ್ಕೊಂಡ ಮೇಲೆ ನೀವು ಒಡೀಲ್ ಅಲ್ಲ," ಎಂದರು. "ನೀವು ಉತ್ತರ ಕೇಂದ್ರ."

ರಾಜ್ಯದ ನೆತ್ತಿಯ ಮೇಲಿನ ಅಷ್ಟೂ ಕಾಡು, ಅಷ್ಟೂ ಆಲೂಗಡ್ಡೆ ಹೊಲ, ನದಿಯಾಚೆ ಕೆನಡಾ ಶುರುವಾಗುವವರೆಗಿನ ಅಷ್ಟೂ ರಸ್ತೆ ರಾಜ್ಯ ಪೊಲೀಸರ ಈ ಉತ್ತರ ಕೇಂದ್ರದ ಪಾಲಿನದು. ಯಾರ ಎದೆ ಹಿಡಿದುಕೊಂಡರೂ ಯಾರ ಟ್ರಕ್ಕು ಹಳ್ಳಕ್ಕೆ ಉರುಳಿದರೂ ಫೋನು ಬರುವುದು ಇಲ್ಲಿಗೆ. ಗಸ್ತಿನಲ್ಲಿರುವ ಪೊಲೀಸರನ್ನು, ಅಂದರೆ ಟ್ರೂಪರುಗಳನ್ನು, ರೇಡಿಯೋದಲ್ಲಿ ಅಲ್ಲಿಗೆ ಅಟ್ಟುವುದೂ ಇಲ್ಲಿಂದಲೇ. ಐವತ್ತರ ಹತ್ತಿರ ಬಂದಿದ್ದ ಒಡೀಲ್ ಅದುವರೆಗೆ ಅಟ್ಟಿದ್ದು ಶಾಲಾ ಮಕ್ಕಳನ್ನು ಮಾತ್ರ. ಸೇಂಟ್ ಕ್ಲೋಡಿನ ಹಳದಿ ಬಸ್ಸನ್ನು ಹಿಮದಲ್ಲಿ ಒಂದು ಸಲವೂ ಜಾರಿಸದೆ ಓಡಿಸಿದವಳು. ಮಕ್ಕಳು ಸಾಲದೆ ಊರಿನ ಶಾಲೆ ಮುಚ್ಚಿತು, ಬಸ್ಸು ಇನ್ನೊಂದು ಊರಿನ ಪಾಲಾಯಿತು, ಒಡೀಲ್ ರಾಜ್ಯ ಪೊಲೀಸರ ಪರೀಕ್ಷೆಗೆ ಕೂತಳು. ಒಂದು ವರ್ಷ ಉಮೇದುವಾರಿ, ತಪ್ಪಿಲ್ಲದೆ ಮುಗಿಸಿದರೆ ಕೆಲಸ ಕಾಯಂ.

ಊರು ಕುಣಿಯಿತು. ಅದಕ್ಕೆ ಕಾರಣವೂ ಇತ್ತು. ಊರಿಗೆ ಹಿಂದೆ ತನ್ನದೇ ಪೊಲೀಸ್ ಠಾಣೆಯಿತ್ತು, ಠಾಣೆಯ ರೇಡಿಯೋದ ಮುಂದೆ ಜೆರ್ಮೇನ್ ಎಂಬ ಪುಣ್ಯಾತ್ಗಿತ್ತಿ ಕೂತಿದ್ದಳು. ಯಾರಾದರೂ ಕುಡಿದು ಗಾಡಿ ಓಡಿಸುತ್ತಿದ್ದರೆ ಅವನ ಹೆಂಡತಿಗೆ ಫೋನು ಮಾಡಿ "ನಿನ್ನದನ್ನ ಬಂದು ಎತ್ಕೊಂಡು ಹೋಗು" ಎನ್ನುತ್ತಿದ್ದಳು. ತನಗೆ ಬೇಕಾದವರು ಸಿಕ್ಕಿಬಿದ್ದು, ಅವರ ಲೈಸೆನ್ಸು ನೋಡಿ ಹೇಳೆಂದು ಪೊಲೀಸರು ಕೇಳಿದರೆ "ಕಂಪ್ಯೂಟರ್ ಕೆಟ್ಟಿದೆ" ಎಂದುಬಿಡುತ್ತಿದ್ದಳು. ಊರಿನ ಅರ್ಧ ಸಂಸಾರಗಳು ಉಳಿದದ್ದು ಆ ಕೆಟ್ಟ ಕಂಪ್ಯೂಟರಿನಿಂದ. ಠಾಣೆ ಮುಚ್ಚಿ ರಾಜ್ಯ ಪೊಲೀಸರು ಬಂದ ಮೇಲೆ ಊರು ಅನಾಥವಾಗಿತ್ತು. ಈಗ ಮತ್ತೆ ನಮ್ಮವಳೊಬ್ಬಳು!

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಒಡೀಲಳ ತಾಯಿ ಅಲ್ಫೋನ್ಸಿನ್. ಅವಳ ಅಡುಗೆಮನೆಯಲ್ಲಿ, ಬ್ರೆಡ್ಡಿನ ಡಬ್ಬಿಗೂ ಮಾತೆ ಮೇರಿಯ ವಿಗ್ರಹಕ್ಕೂ ನಡುವೆ, ಕ್ರೋಷಾ ಹೆಣಿಗೆಯ ಬಟ್ಟೆ ಹೊದ್ದು ಒಂದು ಸ್ಕ್ಯಾನರ್ ಕೂತಿತ್ತು. ಪೊಲೀಸರ ರೇಡಿಯೋ ಮಾತುಗಳನ್ನು ಹಿಡಿದು ಮನೆಮಂದಿಗೆಲ್ಲ ಕೇಳಿಸುವ ಪೆಟ್ಟಿಗೆ. ಸೇಂಟ್ ಕ್ಲೋಡಿನಲ್ಲಿ ಒಲೆಯಿಲ್ಲದ ಮನೆ ಸಿಕ್ಕೀತು, ಸ್ಕ್ಯಾನರ್ ಇಲ್ಲದ ಮನೆ ಸಿಗದು. ಯಾರ ಮನೆಗೆ ಆಂಬುಲೆನ್ಸ್ ಹೊರಟಿತೆಂಬುದು ಆಂಬುಲೆನ್ಸಿನ ಚಾಲಕನಿಗಿಂತ ಮೊದಲು ಊರಿಗೆ ಗೊತ್ತಾಗುತ್ತಿತ್ತು. ಅದು ತಲುಪುವಷ್ಟರಲ್ಲಿ ಆ ಮನೆಯ ಮೇಜಿನ ಮೇಲೆ ಯಾರೋ ಮಾಂಸದ ಕಡುಬು ತಂದಿಟ್ಟಿರುತ್ತಿದ್ದರು.

"ಇನ್ಮೇಲೆ ದಿನವಿಡೀ ನನ್ನ ಮಗಳ ದನಿ," ಎಂದು ಅಲ್ಫೋನ್ಸಿನ್ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಸಾರಿದಳು. "ಮದುವೆ ಮಾಡ್ಕೊಟ್ಟ ಮೇಲೆ ಇಷ್ಟು ಮಾತು ಆಡಿರ್ಲಿಲ್ಲ ನನ್ನ ಹತ್ರ."

ಒಡೀಲಳ ಮೊದಲ ಪಾಠ 'ಎಲ್ಲಿ'. ಏನಾಯಿತೆಂಬುದು ಆಮೇಲೆ, ಯಾರಿಗೆಂಬುದು ಅದಕ್ಕೂ ಆಮೇಲೆ. ಮಾತೆಂಬುದೇ 'ಯಾರ ಮಗಳು ನೀನು' ಎಂಬಲ್ಲಿಂದ ಹೊರಡುವ ಊರಿನವಳಿಗೆ ಇದು ಬಲಗೈಯವಳಿಗೆ ಎಡಗೈಯಲ್ಲಿ ಬರೆಸಿದಂತೆ.

"ನಿಮಗೆ ಸಹಾಯ ಬೇಕಾಗಿರೋದು ಎಲ್ಲಿ?" ಎಂದು ಅವಳು ತನ್ನ ಮೊಟ್ಟಮೊದಲ ಕರೆಗೆ ಗಂಭೀರವಾಗಿ ಕೇಳಿದಳು.

"ಯಾರು, ಒಡೀಲಾ? ಅಲ್ಫೋನ್ಸಿನ್ ಮಗಳಲ್ವೇನೇ?" ಆ ಕಡೆ ಲಿಯೋನ್ಸ್ ಮುದುಕ.

"ಹೌದು... ಅಲ್ಲ. ಇದು ಉತ್ತರ ಕೇಂದ್ರ. ಎಲ್ಲಿ ಅಂತ ಹೇಳಿ ಮೊದ್ಲು."

"ಎಲ್ಲಿ ಅಂದ್ರೆ? ನಮ್ಮನೆ ಮುಂದೆ ನಿಂತ್ಕೊಂಡೇ ನನ್ನ ಮೊಮ್ಮಗನ್ನ ಬಸ್ ಹತ್ತಿಸ್ಕೊಳ್ತಿದ್ದೆಯಲ್ಲೇ!"

"ಗೊತ್ತು ಲಿಯೋನ್ಸ್ ಮಾಮ. ಆದ್ರೂ ನಿಮ್ಮ ಬಾಯಿಂದ್ಲೇ ಬರ್ಬೇಕು."

"ಮರ್ತೇ ಹೋಯ್ತಾ? ಅಯ್ಯೋ ಪಾಪ. ನಿಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು."

ಲಿಯೋನ್ಸನ ಚಿಮಣಿಗೆ ಬೆಂಕಿ ಹತ್ತಿತ್ತು. ಅದು ಮಾತಿನ ಕೊನೆಗೆ, ಹವಾಮಾನದ ನಂತರ ಹೊರಬಿತ್ತು.

ಎರಡನೆಯ ಪಾಠವನ್ನು ಸಾರ್ಜೆಂಟರು ದನಿ ತಗ್ಗಿಸಿ ಹೇಳಿದರು. ಈ ಭಾಗದಲ್ಲಿ ಟ್ರೂಪರ್ ಒಬ್ಬನೇ ಇರುತ್ತಾನೆ. ಅವನಿಗೆ ಏನಾದರೂ ಆದರೆ ಇನ್ನೊಬ್ಬ ತಲುಪಲು ಬಹಳ ಹೊತ್ತು ಬೇಕು. ಆದ್ದರಿಂದ ಅವನು ಎಲ್ಲಿ ನಿಂತರೂ ರೇಡಿಯೋದಲ್ಲಿ ಹೇಳುತ್ತಾನೆ, ನೀವು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. "ನಾನು ಎಲ್ಲಿದೀನಿ ಅಂತ ಒಬ್ರಿಗೆ ಗೊತ್ತು ಅನ್ನೋ ಧೈರ್ಯ ಅದು. ನಿಮ್ಮ ಬಾಯಿಂದ ಬಂದ ಜಾಗ ಸುಳ್ಳಾಗ್ಬಾರ್ದು. ಸುಳ್ಳಾದ್ರೆ ಒಬ್ಬ ಸತ್ತ."

ಈ ಮಾತು ಒಡೀಲಳ ಎದೆಗೆ ನಾಟಿತು. ಬಸ್ಸಿನಲ್ಲಿ ಮಕ್ಕಳ ತಲೆ ಎಣಿಸುತ್ತಿದ್ದ ನಿಷ್ಠೆಯನ್ನೆಲ್ಲ ಅವಳು ಇದಕ್ಕೆ ಸುರಿದಳು. ಕೀಗನ್ ಎಂಬ ಎಳೆ ಟ್ರೂಪರ್ "ಹಳೇ ಸೇತುವೆ ಹತ್ರ ನಿಂತಿದೀನಿ" ಎಂದರೆ, "ಟ್ರೂಪರ್ ಕೀಗನ್, ಹಳೇ ಸೇತುವೆ ಹತ್ತಿರ" ಎಂದು ಚರ್ಚಿನಲ್ಲಿ ಸುವಾರ್ತೆ ಓದುವವಳಂತೆ ನಿಧಾನವಾಗಿ, ಸ್ಪಷ್ಟವಾಗಿ ನುಡಿಯುತ್ತಿದ್ದಳು. ಇಡೀ ಕಣಿವೆಯ ಅಡುಗೆಮನೆಗಳಲ್ಲಿ ಅದು ಮೊಳಗುತ್ತಿತ್ತು.

ಅಲ್ಲಿಂದ ಪವಾಡಗಳು ಆರಂಭವಾದವು. ಒಡೀಲಳ ಮನೆಯಂಗಳದ ಹಿಮ ತಾನಾಗಿಯೇ ಬದಿಗೆ ಸರಿಯತೊಡಗಿತು. ಬಾಗಿಲಲ್ಲಿ ಜಿಂಕೆ ಮಾಂಸದ ಪೊಟ್ಟಣ, ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ಹಳದಿ ದೋಸೆಗಳ ಅಟ್ಟಿ, ಮೇಪಲ್ ಪಾಕದ ಸೀಸೆ. ವಿಧವೆ ಹೆಂಗಸು ದುಡಿಯುತ್ತಾಳಲ್ಲ ಎಂಬ ಅಭಿಮಾನ ಇರಬಹುದೆಂದು ಅವಳು ಕಣ್ಣೊರೆಸಿಕೊಂಡಳು. ಅಸಲಿ ಸಂಗತಿಯನ್ನು ಒಂದು ಭಾನುವಾರ, ಚರ್ಚಿನ ಹಾಲಿನ ಮೊಟ್ಟೆ ತಿಂಡಿಯ ಹೊತ್ತಿನಲ್ಲಿ ಅವಳ ತಮ್ಮ ರೆನಾಲ್ಡ್ ಬಿಚ್ಚಿದ. ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ. ಲಾರಿ ಬಿಟ್ಟು ಇಳಿದರೆ ಬಿಯರಿನ ಚಾಲಕ.

"ಅಕ್ಕಾ, ನಿನ್ನ ಉಪಕಾರ ಈ ಜನ್ಮದಲ್ಲಿ ತೀರ್ಸಕ್ಕಾಗಲ್ಲ. ಆ ಹುಡ್ಗ ಎಲ್ಲಿ ಬಲೆ ಹಾಕ್ಕೊಂಡು ಕೂತಿದಾನೆ ಅಂತ ಎಷ್ಟು ಚೆನ್ನಾಗಿ ಬಿಡಿಸಿ ಬಿಡಿಸಿ ಹೇಳ್ತೀಯ! ಸೇತುವೆ ಅಂದ್ರೆ ನಾವು ಉಗ್ರಾಣದ ರಸ್ತೆ. ಉಗ್ರಾಣ ಅಂದ್ರೆ ನಾವು ಸೇತುವೆ."

ಊರಿಗೆ ಬರಲು ಇರುವುದು ಎರಡೇ ದಾರಿ: ಹಳೆ ಸೇತುವೆಯದು, ಆಲೂಗಡ್ಡೆ ಉಗ್ರಾಣಗಳದು. ಒಡೀಲಳ ಕೈಯ ಮುಳ್ಳುಚಮಚ ತಟ್ಟೆಗೆ ಬಿತ್ತು.

"ಲೋ, ಅದು ನಿಮಗೋಸ್ಕರ ಅಲ್ವೋ! ಅದು ನಿಯಮ! ಆ ಹುಡ್ಗನ ಜೀವಕ್ಕೆ ಹೇಳೋದು!"

"ಗೊತ್ತು, ಗೊತ್ತು," ಎಂದು ರೆನಾಲ್ಡ್ ಒಂದು ಕಣ್ಣು ಮುಚ್ಚಿದ. ಅವನ ಮೇಜಿನವರೆಲ್ಲ ಒಂದೊಂದು ಕಣ್ಣು ಮುಚ್ಚಿದರು. ಪಾದ್ರಿಯೂ ಒಂದು ಕ್ಷಣ ಕಣ್ಣಿಗೆ ಏನೋ ಬಿದ್ದವರಂತೆ ಮಾಡಿದರು.

"ನಾನು ಯಾರಿಗೂ ಸುಳಿವು ಕೊಡ್ತಿಲ್ಲ, ಮಮಾ!" ಎಂದು ಅವಳು ತಾಯಿಯ ಕಡೆ ತಿರುಗಿದಳು.

"ಕೊಡ್ತಿಲ್ಲ ಅಂತಾನೇ ಹೇಳ್ಬೇಕು ಕಣೇ," ಎಂದಳು ಅಲ್ಫೋನ್ಸಿನ್ ಮೆಚ್ಚುಗೆಯಿಂದ. "ಜೆರ್ಮೇನ್‌ಗೆ ಇಷ್ಟು ಜಾಣತನ ಇರ್ಲಿಲ್ಲ."

ಅಲ್ಫೋನ್ಸಿನ್‌ಗೂ ಇದರಲ್ಲಿ ಪಾಲಿತ್ತು. ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಅವಳ ಲೈಸೆನ್ಸು ಹೋಗಿತ್ತು. ಎಡಗಣ್ಣಿಗೆ ಬರೀ ಬೆಳಕು, ಬಲಗಣ್ಣಿಗೆ ಬರೀ ಅಂದಾಜು. ಆದರೂ ಚರ್ಚಿಗೆ, ಬಿಂಗೋ ಆಟಕ್ಕೆ ತನ್ನ ಹಡಗಿನಂಥ ಬ್ಯೂಕ್ ಕಾರನ್ನು ತಾನೇ ಓಡಿಸುತ್ತಿದ್ದಳು. ಒಡೀಲ್ ಕೀಲಿ ಬಚ್ಚಿಟ್ಟರೆ ಹಿಟ್ಟಿನ ಡಬ್ಬಿಯಿಂದ ಇನ್ನೊಂದು ಕೀಲಿ ಹುಟ್ಟುತ್ತಿತ್ತು. ಹೊರಡುವ ಮೊದಲು ಸ್ಕ್ಯಾನರಿಗೆ ಕಿವಿಗೊಟ್ಟು ಮಗಳ ಅಪ್ಪಣೆ ಪಡೆಯುವುದು ಅವಳ ಸಂಪ್ರದಾಯವಾಗಿತ್ತು.

ಒಡೀಲ್ ನೇರ ಸಾರ್ಜೆಂಟರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಊರು ಕೇಳುತ್ತಿದೆ, ನನ್ನ ಮಾತನ್ನು ದಾರಿದೀಪ ಮಾಡಿಕೊಂಡಿದೆ, ಬೇರೆ ಏನಾದರೂ ಏರ್ಪಾಟು ಮಾಡಿ. ವಿಟ್‌ಕಾಂಬರು ಗಲ್ಲ ತುರಿಸಿಕೊಂಡರು. ನಿಮ್ಮ ಪಾಳಿಯಲ್ಲಿ ಒಬ್ಬ ಕುಡುಕನೂ ಸಿಕ್ಕಿಲ್ಲ, ನಾನೂ ಯೋಚಿಸುತ್ತಿದ್ದೆ, ಎಂದರು. "ನೀವು ಹೀಗೇ ಮುಂದುವರೀರಿ. ಚೆನ್ನಾಗಿ ಮಾಡ್ತಿದೀರಿ."

ಮುಂದಿನ ಶನಿವಾರ, ಹಿಮದ ಮೇಲೆ ಗಾಡಿ ಓಡಿಸುವವರ ಸ್ನೋಮೊಬೈಲ್ ಕ್ಲಬ್ಬಿನಲ್ಲಿ ಬೀನ್ಸ್ ಊಟ. ಮಧ್ಯಾಹ್ನಕ್ಕೇ ಶುರು, ಬೀನ್ಸು ನೆಪಕ್ಕೆ. ಕೀಗನ್ ರೇಡಿಯೋದಲ್ಲಿ "ಹಳೇ ಸೇತುವೆ ಹತ್ರ" ಎಂದ. ಒಡೀಲ್ ಹಳೆ ಸೇತುವೆ ಹತ್ತಿರ ಎಂದು ನುಡಿದಳು. ಕ್ಲಬ್ಬಿನ ಸ್ಕ್ಯಾನರಿನ ಮುಂದೆ ಒಂದು ಜಯಕಾರವೆದ್ದಿತು. ರೆನಾಲ್ಡ್ ನಿಶ್ಚಿಂತೆಯಿಂದ ಇನ್ನೊಂದು ಡಬ್ಬಿ ಬಿಯರ್ ಮುಗಿಸಿ, ಉಗ್ರಾಣದ ರಸ್ತೆ ಹಿಡಿದ. ಮೂರನೆಯ ಉಗ್ರಾಣದ ಹಿಂದೆ ಕೀಗನ್ ನಿಂತಿದ್ದ.

ಸೇತುವೆ ಎಂದು ಹೇಳಿ ಉಗ್ರಾಣದ ಹಿಂದೆ ನಿಲ್ಲುವಂತೆ ಅವನಿಗೆ ಹೇಳಿಕೊಟ್ಟವರು ಸಾರ್ಜೆಂಟರು. ಒಡೀಲಳಿಗೆ ಹೇಳಿರಲಿಲ್ಲ. ಹೇಳಿದ್ದರೆ ದನಿಯಲ್ಲಿ ಆ ನಂಬಿಕೆ ಬರುತ್ತಿರಲಿಲ್ಲವಂತೆ.

ಲಾರಿ ಓಡಿಸುವವನ ಲೈಸೆನ್ಸು ಹೋದರೆ ಉಳಿಯುವುದು ಬಿಯರ್ ಮಾತ್ರ. ರೆನಾಲ್ಡ್ ಮನೆಯಲ್ಲಿ ಕೂತ.

ಒಡೀಲ್ ಕಿರೀಟವನ್ನು ಕಿತ್ತು ಮೇಜಿನ ಮೇಲಿಟ್ಟಳು. "ಆ ಹುಡ್ಗನಿಗೆ ಉಗ್ರಾಣದ ಹಿಂದೆ ಯಾರಾದ್ರೂ ಗುಂಡು ಹೊಡ್ದಿದ್ರೆ? ನಾನು ಆಂಬುಲೆನ್ಸನ್ನ ಸೇತುವೆಗೆ ಕಳಿಸ್ತಿದ್ದೆ. ನನ್ನ ಬಾಯಿಂದ ಬಂದ ಜಾಗ ಸುಳ್ಳಾದ್ರೆ ಒಬ್ಬ ಸತ್ತ ಅಂತ ಹೇಳಿದ್ದು ಯಾರು?"

"ಯಾರೂ ಸಾಯ್ಲಿಲ್ವಲ್ಲ," ಎಂದರು ವಿಟ್‌ಕಾಂಬರು.

"ಇನ್ನೊಂದ್ಸಲ ನನ್ನ ಬಾಯಲ್ಲಿ ಸುಳ್ಳು ಹೇಳ್ಸಿದ್ರೆ ಈ ಕುರ್ಚಿಲಿ ನೀವೇ ಕೂತ್ಕೊಳ್ಳಿ. ಆ ಚಕ್ರ ತಿರುಗಲ್ಲ, ನೆನಪಿರ್ಲಿ."

ಸಾರ್ಜೆಂಟರು ಅವಳ ಮುಖ ನೋಡಿ ಮಾತು ಕೊಟ್ಟರು. ಕೊಟ್ಟ ಮಾತನ್ನು ಉಳಿಸಿಕೊಂಡರು ಕೂಡ, ಇದನ್ನು ಅವರ ಪರವಾಗಿ ಹೇಳಲೇಬೇಕು. ಅಂದಿನಿಂದ ಒಡೀಲ್ ನುಡಿದ ಒಂದೊಂದು ಜಾಗವೂ ಸತ್ಯವಾಗಿತ್ತು. ವರ್ಷ ತುಂಬುವ ಮೊದಲೇ ಅವಳನ್ನು ಕಾಯಂ ಮಾಡಿದರು. ಸಕ್ಕರೆಯ ಕೆನೆಯಲ್ಲಿ ಹೆಡ್‌ಫೋನಿನ ಚಿತ್ರ ಬಿಡಿಸಿದ ಕೇಕು ತರಿಸಿದರು. ಚಿತ್ರ ಮೇಕೆಯ ತಲೆಯಂತಿತ್ತು. ಒಡೀಲ್ ಒಂದು ಕೊಂಬು ತಿಂದು ಮನೆಗೆ ಹೋದಳು.

ಮನೆಯಂಗಳದಲ್ಲಿ ಹಿಮ ಮೊಣಕಾಲೆತ್ತರ ಬಿದ್ದಿತ್ತು. ಪವಾಡಗಳು ನಿಂತಿದ್ದವು.

"ಮಮಾ, ನಂಗೇ ಗೊತ್ತಿರ್ಲಿಲ್ಲ. ಅವ್ರು ನನ್ನನ್ನೂ ಸೇರಿಸಿ ಮೋಸ ಮಾಡಿದ್ರು," ಎಂದು ಅವಳು ಅಡುಗೆಮನೆಯಲ್ಲಿ ನಿಂತು ಬೇಡಿಕೊಂಡಳು.

ಅಲ್ಫೋನ್ಸಿನ್ ಒಲೆಯ ಮೇಲಿನ ದೋಸೆಯಿಂದ ಕಣ್ಣು ತೆಗೆಯಲಿಲ್ಲ. "ಸೇತುವೆ ಅಂದೋಳು ಯಾರು?"

"ನಾನೇ, ಆದ್ರೆ—"

"ನಿನ್ನ ದನಿ ನಂಗೊತ್ತಿಲ್ವಾ? ಅಷ್ಟು ನಯವಾಗಿ, ಅಷ್ಟು ಮುದ್ದಾಗಿ ಅಂದೆ, ಸ್ವಂತ ತಮ್ಮನ್ನ ಹಳ್ಳಕ್ಕೆ ತಳ್ಳೋಕೆ. ಒಂದು ತುಂಡು ಕೇಕಿಗೆ."

ಕೇಕಿನ ಸುದ್ದಿಯೂ ಆಗಲೇ ಬಂದಿತ್ತು.

"ಇನ್ಮೇಲೆ ನಾನು ಹೇಳೋದೆಲ್ಲ ನಿಜ ಮಮಾ. ಆಣೆ ಮಾಡ್ತೀನಿ."

"ಮಾಡು. ಆಣೆನೂ ಚೆನ್ನಾಗೇ ಮಾಡ್ತೀಯ."

ತಾಯಿ ತಟ್ಟೆ ಹಾಕಲಿಲ್ಲ. ಆ ಮನೆಯಲ್ಲಿ ದೋಸೆ ಸುಡುವಾಗ ಬಂದವರಿಗೆ ತಟ್ಟೆ ಹಾಕದಿದ್ದದ್ದು ಅದೇ ಮೊದಲು. ತೆರಿಗೆಯವನು ಬಂದಾಗಲೂ ಹಾಕಿದ್ದಳು.

ಊರು ಸಭೆ ಸೇರದೆಯೇ ಒಂದು ನಿರ್ಣಯಕ್ಕೆ ಬಂದಿತು: ಅಲ್ಫೋನ್ಸಿನ್ ಮಗಳು ಹೇಳುವುದೆಲ್ಲ ಬಲೆ. ಅವಳು ಸೇತುವೆ ಎಂದರೆ ಟ್ರೂಪರ್ ಇರುವುದು ಉಗ್ರಾಣದಲ್ಲಿ, ಆದ್ದರಿಂದ ಸೇತುವೆಯೇ ಕ್ಷೇಮ. ಇದಾದ ಮೇಲೆ ಸೇಂಟ್ ಕ್ಲೋಡಿನ ವೀರರು ಸಾಲುಸಾಲಾಗಿ ಸತ್ಯದ ಬಾಯಿಗೆ ಬಿದ್ದರು. ಚರ್ಚಿನ ಗಾಯನ ಮೇಳದ ನಾಯಕ "ಸೇತುವೆ" ಎಂದು ಕೇಳಿ ನಗುತ್ತಾ ಸೇತುವೆಗೆ ಹೋಗಿ ಕೀಗನ್‌ನ ತೋಳಿಗೆ ಬಿದ್ದ. ಅಗ್ನಿಶಾಮಕ ದಳದ ಮುಖ್ಯಸ್ಥ ಮರುವಾರ ಉಗ್ರಾಣದಲ್ಲಿ. ಎರಡು ಸಲ ಸಿಕ್ಕಿಬಿದ್ದ ಕ್ಲಬ್ಬಿನ ಅಧ್ಯಕ್ಷ ತನ್ನ ತರ್ಕ ಬಿಡಲಿಲ್ಲ. "ನಾವು ಹಿಂಗೆ ಯೋಚ್ನೆ ಮಾಡ್ತೀವಿ ಅಂತ ಅವಳಿಗೆ ಗೊತ್ತು," ಎಂದು ವಿವರಿಸಿದ. "ಅದಕ್ಕೇ ಬೇಕೂಂತ ನಿಜ ಹೇಳ್ತಿದಾಳೆ. ಎಂಥಾ ಕಳ್ಳಿ!" ಮೂರನೆಯ ಸಲ ಅವನು ಮನೆಯಲ್ಲೇ ಕುಡಿದು, ಅಂಗಳದಲ್ಲಿ ಸ್ನೋಮೊಬೈಲಿನ ಮೇಲೆ ಕೂತು ಹಾಡಿದ.

ಆ ವರ್ಷ ಇಡೀ ರಾಜ್ಯದಲ್ಲಿ ಅತಿ ಹೆಚ್ಚು ಕುಡುಕ ಚಾಲಕರು ಸಿಕ್ಕಿದ್ದು ಉತ್ತರ ಕೇಂದ್ರದ ಹಗಲು ಪಾಳಿಯಲ್ಲಿ. ಒಡೀಲಳಿಗೆ ರಾಜಧಾನಿಯಲ್ಲಿ ಸನ್ಮಾನವಾಯಿತು. 'ಸಮುದಾಯದ ವಿಶ್ವಾಸ ಗಳಿಸಿದ್ದಕ್ಕಾಗಿ' ಎಂದು ಫಲಕದಲ್ಲಿ ಕೊರೆದಿದ್ದರು. ಅವಳು ಅದನ್ನು ಹಿಮ ಸಲಿಕೆಯ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ ಇಟ್ಟಳು.

ಆದರೆ ಅವಳಿಗೊಂದು ಸಮಾಧಾನವಿತ್ತು, ಹೇಳಿಕೊಳ್ಳಲಾಗದಂಥದ್ದು. ತಾಯಿ ಮಾತು ಬಿಟ್ಟರೂ ಸ್ಕ್ಯಾನರ್ ಬಿಟ್ಟಿರಲಿಲ್ಲ. ಅವಳ ಅಡುಗೆಮನೆಯ ಮುಂದೆ ಹಾದುಹೋಗುವಾಗ ತನ್ನ ಜೊತೆಗಾತಿಯ ಪಾಳಿಯ ದನಿ ಒಳಗಿಂದ ಕೇಳುತ್ತಿತ್ತು. ಅಂದರೆ ತನ್ನ ಪಾಳಿಯಲ್ಲಿ ತನ್ನದೂ ಕೇಳುತ್ತಿರಬೇಕು. "ಟ್ರೂಪರ್ ಕೀಗನ್, ಉಗ್ರಾಣದ ರಸ್ತೆ" ಎನ್ನುವಾಗ ಒಡೀಲ್ ಬ್ರೆಡ್ಡಿನ ಡಬ್ಬಿಯನ್ನೂ ಮೇರಿ ಮಾತೆಯನ್ನೂ ಕಣ್ಣಮುಂದೆ ತಂದುಕೊಳ್ಳುತ್ತಿದ್ದಳು. ಒಂದಲ್ಲ ಒಂದು ದಿನ, ಇವಳು ಹೇಳಿದ್ದು ಪ್ರತಿ ಸಲ ನಿಜವೇ ಆಗುತ್ತಿದೆಯಲ್ಲ ಎಂದು ಆ ಮುದುಕಿಗೆ ಹೊಳೆಯಲೇಬೇಕು. ಅದಕ್ಕಾಗಿ ಇನ್ನಷ್ಟು ಸ್ಪಷ್ಟವಾಗಿ ನುಡಿಯುತ್ತಿದ್ದಳು.

ವಸಂತದಲ್ಲಿ, ಕೆಸರಿನ ಕಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ, ಕೀಗನ್ ಹಳೆ ಸೇತುವೆಯ ಬಳಿ ನಿಂತ. ಒಡೀಲ್ ಹಾಗೆಂದು ನುಡಿದಳು. ಸ್ವಲ್ಪ ಹೊತ್ತಿಗೆ ಅವನ ದನಿ ಮತ್ತೆ ಬಂದಿತು.

"ಉತ್ತರ ಕೇಂದ್ರ, ಒಂದು ಕಾರು ನಿಲ್ಲಿಸಿದೀನಿ. ಹಳೇ ಬ್ಯೂಕು. ರಸ್ತೆ ಮಧ್ಯದ ಗೆರೆ ಮೇಲೇ ಬರ್ತಿತ್ತು. ನಂಬರ್ ಹೇಳ್ತೀನಿ."

ನಂಬರ್ ಹೇಳುವ ಮೊದಲೇ ಒಡೀಲಳ ಬೆರಳು ಅದನ್ನು ಒತ್ತಿ ಮುಗಿಸಿತ್ತು. ಪರದೆಯ ಮೇಲೆ ತಾಯಿಯ ಹೆಸರು ಮೂಡಿತು, ಹುಟ್ಟಿದ ದಿನ ಮೂಡಿತು, ಕೆಂಪಕ್ಷರದಲ್ಲಿ ಲೈಸೆನ್ಸಿನ ಗತಿ ಮೂಡಿತು.

ಕಂಪ್ಯೂಟರ್ ಕೆಟ್ಟಿದೆ. ಎರಡೇ ಪದ. ಜೆರ್ಮೇನ್ ಎಷ್ಟು ಸಲ ಹೇಳಿರಲಿಲ್ಲ! ಕೀಗನ್ ಒಳ್ಳೆಯ ಹುಡುಗ, ಮುದುಕಿಗೆ ಎರಡು ಬುದ್ಧಿಮಾತು ಹೇಳಿ ಬಿಟ್ಟುಬಿಡುತ್ತಿದ್ದ. ಊರು ಕೇಳುತ್ತಿತ್ತು. ಅಂಗಳದ ಹಿಮವೂ ದೋಸೆಯ ಅಟ್ಟಿಯೂ ತಾಯಿಯ ಮನೆಯ ತಟ್ಟೆಯೂ ಆ ಎರಡು ಪದಗಳ ಆಚೆ ಸಾಲಾಗಿ ಕಾದು ನಿಂತಿದ್ದವು. ಆ ಪದಗಳ ಈಚೆ, ಹಳೆ ಸೇತುವೆಯ ತಿರುವಿನಲ್ಲಿ, ಈಗ ಬೇರೆ ಯಾರೋ ಓಡಿಸುವ ಹಳದಿ ಬಸ್ಸು ಮಕ್ಕಳನ್ನು ಇಳಿಸುವ ಜಾಗವಿತ್ತು. ಆ ತಿರುವಿನಲ್ಲಿ ಅವಳು ಎಷ್ಟು ವರ್ಷ ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡೇ ಉಸಿರಾಡಿದ್ದಳು.

"ಉತ್ತರ ಕೇಂದ್ರ, ಕೇಳ್ತಿದ್ಯಾ?"

"ಕೇಳ್ತಿದೆ," ಎಂದಳು ಒಡೀಲ್. "ಕಾರಿನ ಒಡತಿ ಅಲ್ಫೋನ್ಸಿನ್ ಮಿಶೋ." ಹುಟ್ಟಿದ ವರ್ಷವನ್ನೂ ನಿಯಮದಂತೆ ಓದಿದಳು. ಊರಿಗೆ ಗೊತ್ತಿದ್ದುದಕ್ಕಿಂತ ಅದು ಐದು ವರ್ಷ ಹಿಂದಿನದು. "ಲೈಸೆನ್ಸ್ ರದ್ದಾಗಿದೆ. ಕಣ್ಣಿನ ಪರೀಕ್ಷೆ ಪಾಸಾಗಿಲ್ಲ. ಓಡಿಸೋ ಹಾಗಿಲ್ಲ."

ಇಡೀ ಕಣಿವೆಯಲ್ಲಿ ಒಂದು ಚಮಚವೂ ಅಲುಗಿರಲಾರದು.

ಕೀಗನ್ ಮತ್ತೆ ಮೈಕು ಒತ್ತಿದಾಗ ಅವನ ಹಿಂದಿನಿಂದ ಇನ್ನೊಂದು ದನಿಯೂ ತೂರಿ ಬಂದಿತು. "ವಯಸ್ಸು ಬೇರೆ ಹೇಳಿದ್ಲಾ? ವಯಸ್ಸು?"

"ಉತ್ತರ ಕೇಂದ್ರ," ಎಂದ ಕೀಗನ್, ನಗು ತಡೆದುಕೊಳ್ಳಲು ಹೆಣಗುತ್ತಾ. ಅವರು ಯಾರೆಂದು ಆ ಹುಡುಗನಿಗೆ ಇನ್ನೂ ಹೊಳೆದಿರಲಿಲ್ಲ. "ಯಾಕಮ್ಮಾ ಈ ದಾರಿಲಿ ಬಂದ್ರಿ ಅಂತ ಕೇಳ್ದೆ. ರೇಡಿಯೋದವಳು ಸೇತುವೆ ಅಂದ್ಲು, ಹಂಗಾಗಿ ಇಲ್ಲಿ ಖಂಡಿತ ಯಾರೂ ಇರಲ್ಲ ಅಂತ ಬಂದೆ ಅಂತಾರೆ. ಇವ್ರನ್ನ ಕರ್ಕೊಂಡು ಹೋಗೋಕೆ ಮನೆಯವ್ರು ಯಾರಾದ್ರೂ ಇದಾರಾ, ನೋಡ್ತೀರಾ?"

ಒಡೀಲ್ ನೋಡಿದಳು. ಮಗನಿಗೆ ಲೈಸೆನ್ಸಿಲ್ಲ. ಮಗಳು ಕುರ್ಚಿ ಬಿಟ್ಟು ಏಳುವಂತಿಲ್ಲ.

"ಯಾರೂ ಇಲ್ಲ," ಎಂದಳು.

"ಸರಿ, ನಾನೇ ಬಿಟ್ಟು ಬರ್ತೀನಿ. ಒಬ್ಬ ಹೆಂಗಸು ಗಾಡಿಲಿದಾರೆ. ಹಳೇ ಸೇತುವೆಯಿಂದ ಸೇಂಟ್ ಕ್ಲೋಡ್."

ಹೆಂಗಸರನ್ನು ಗಾಡಿಯಲ್ಲಿ ಕೂರಿಸಿಕೊಂಡರೆ ಹೊರಟದ್ದನ್ನೂ ತಲುಪಿದ್ದನ್ನೂ ಹೇಳಬೇಕು, ಕೇಂದ್ರ ತಿರುಗಿ ಹೇಳಬೇಕು. ಒಡೀಲ್ ತಿರುಗಿ ಹೇಳಿದಳು. ಗಾಡಿಯ ಹಿಂದಿನ ಸೀಟಿನಲ್ಲಿ, ಕಬ್ಬಿಣದ ಜಾಲರಿಯ ಆಚೆ, ಬಿಂಗೋ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಈ ದನಿಯನ್ನು ಕೇಳುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು. ಇಷ್ಟು ಹತ್ತಿರದಿಂದ ಅವಳು ಎಂದೂ ಕೇಳಿರಲಿಲ್ಲ.

ಕೀಗನ್ ತಲುಪಿದ. "ಅಮ್ಮನ್ನ ಅಡುಗೆಮನೆವರೆಗೂ ಬಿಟ್ಟೆ. ಅಲ್ಲೊಂದು ಸ್ಕ್ಯಾನರ್ ಇತ್ತು, ನಿಮ್ಮ ದನಿ ಬರ್ತಿತ್ತು. ಒಳಗೆ ಹೋದೋರೇ ಮೊದ್ಲು ಅದರ ವೈರ್ ಕಿತ್ತಾಕಿದ್ರು. ನಾನು ವಾಪಸ್ ಸೇತುವೆಗೆ ಹೋಗ್ತಿದೀನಿ."

"ಟ್ರೂಪರ್ ಕೀಗನ್," ಎಂದಳು ಒಡೀಲ್, ನಿಧಾನವಾಗಿ, ಸ್ಪಷ್ಟವಾಗಿ, "ಹಳೇ ಸೇತುವೆ ಹತ್ತಿರ."